ಚಿಲಕದ ಪರೀಕ್ಷೆ

“ನಾನು ಮುಟ್ಟಲ್ಲ. ನೀನೇ ತೆಗಿ ನೋಡೋಣ, ಪುಟ್ಟೀ,” ಎಂದು ತಪಾಸಣೆಗೆ ಬಂದ ಅಧಿಕಾರಿ ಗೇಟಿನಿಂದ ಪಕ್ಕಕ್ಕೆ ಸರಿದರು. ಹೋದ ಸಲ ಅವರೆದುರೇ ಈ ಮೂರು ವರ್ಷದ ಪೋರಿ ಚಿಲಕ ತೆಗೆದು ಬೀದಿಗಿಳಿದಿದ್ದಳು. ಡೇ ಕೇರ್‌ನ ನೋಂದಣಿ ಅಲ್ಲಿಗೇ ನಿಂತಿತ್ತು.

ಈಗ ಚಿಲಕ ಮೇಲಕ್ಕೇರಿತ್ತು. ಪುಟ್ಟಿ ತುದಿಗಾಲಲ್ಲಿ ನಿಂತಳು, ಹಾರಿದಳು, ಗೇಟಿಗೆ ಒಂದು ಒದೆಯನ್ನೂ ಕೊಟ್ಟಳು. ಚಿಲಕ ಜಪ್ಪಯ್ಯ ಅನ್ನಲಿಲ್ಲ. ಡೇ ಕೇರ್ ನಡೆಸುವ ಆಂಟಿ ಬಿಗಿಹಿಡಿದ ಉಸಿರು ಬಿಡುವಷ್ಟರಲ್ಲಿ ಪುಟ್ಟಿಯ ಕೆಳತುಟಿ ನಡುಗಿತು.

ಆಂಟಿ ಎಲ್ಲ ಮರೆತು ಅವಳನ್ನು ಎತ್ತಿಕೊಂಡರು. “ಅಳಬೇಡ ಕಣೇ ಬಂಗಾರಿ, ಈಗ ತೆಗಿ!” ಚಿಲಕ ಟಕ್ಕೆಂದು ತೆರೆಯಿತು. ಮಾಡಿದ್ದೇನೆಂದು ಹೊಳೆದು ಆಂಟಿ ನಾಲಿಗೆ ಕಚ್ಚಿಕೊಂಡರು.

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. “ನೋಂದಣಿ ಮಾಡ್ತೀನಿ ಬಿಡಿ. ಚಿಲಕ ಗಟ್ಟಿಯಾಗೇ ಇದೆ, ಮೆತ್ತಗಿರೋದು ನೀವು!”