ಹೇಳಿದ ಕನಸು

ಕೆಟ್ಟ ಕನಸನ್ನು ಬಾಯಿಬಿಟ್ಟು ಹೇಳಿದರೆ ಅದು ಫಲಿಸುವುದಿಲ್ಲ ಎಂದು ಅತ್ತೆ ನಂಬಿದ್ದಳು. ಹಾಗಾಗಿ ಗಂಡ ಹೊಡೆದಾಗಲೆಲ್ಲ ಮರುದಿನ ಸೊಸೆ ಒಲೆಯ ಮುಂದೆ ಕೂತು ಹೇಳುತ್ತಿದ್ದಳು.

“ಅದೇ ಕನಸು ಅತ್ತೆ. ನಿಮ್ ಮಗ ಮಲಗಿದ್ರು. ಮಚ್ಚು ತಗೊಂಡು ಕುತ್ತಿಗೆಗೆ ಹಾಕ್ದೆ. ರಕ್ತ ಗೋಡೆಗೆಲ್ಲ ಹಾರ್ತು.”

“ಹೇಳ್ದೆಯಲ್ಲ, ಇನ್ನು ಫಲ್ಸಲ್ಲ ಬಿಡು. ನನ್ ಮಗ ಉಳ್ಕೊಂಡ,” ಎನ್ನುತ್ತ ಅತ್ತೆ ಅವಳ ಬೆನ್ನಿನ ಬಾಸುಂಡೆಗಳಿಗೆ ಅರಿಶಿನ ಹಚ್ಚುತ್ತಿದ್ದಳು.

ನಿನ್ನೆ ಅವನು ಸೊಸೆಯ ಹಲ್ಲು ಉದುರಿಸಿದ. ಬಿಡಿಸಲು ಹೋದ ಅತ್ತೆಯನ್ನು ಗೋಡೆಗೆ ಎಸೆದು, ತಾಯಿಯೆಂದೂ ನೋಡದೆ ಒದ್ದು ಕೈ ಮುರಿದ.

ಬೆಳಿಗ್ಗೆ ಸೊಸೆ ಊದಿದ ಮುಖ ಹೊತ್ತು ಒಲೆಯ ಮುಂದೆ ಬಂದು ಕೂತಳು.

“ಅತ್ತೆ, ರಾತ್ರಿ ಮತ್ತೆ ಅದೇ…”

ಅತ್ತೆ ಮುರಿಯದೆ ಉಳಿದ ಕೈಯಿಂದ ಅವಳ ಬಾಯಿ ಮುಚ್ಚಿದಳು.

“ಇವತ್ತು ಹೇಳ್ಬೇಡ ಕಣವ್ವ.”