ಗೌರಿ ನಿಂತ ದಿನ

ಹಾಲುಕ್ಕಿ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಅಂಗೈ ಉರಿಯುತ್ತದೆ.

ಹಿನ್ನೀರು ಬಂತೆಂದು ಊರು ಬಿಟ್ಟು ಬೀಳಗಿ ಹತ್ತಿರ ಹೊಸ ಮನೆ ಕಟ್ಟಿದ್ದೆವು. ಹೊಸ ಒಲೆಯ ಮೇಲೆ ನಮ್ಮ ಆಕಳ ಹಾಲೇ ಉಕ್ಕಬೇಕು, ಆ ಹಾಲು ಸಿಗುವವರೆಗೆ ಯಾರೂ ಒಳಗೆ ಹೋಗಕೂಡದೆಂದು ಅಜ್ಜಿಯ ಹಟ. ಎಲ್ಲರೂ ಅಂಗಳದಲ್ಲೇ ಮಲಗುತ್ತಿದ್ದೆವು. ಆಕಳು ಗೌರಿಯೋ ಹೊಸ ಗೂಟಕ್ಕೆ ಕಟ್ಟಿದರೆ ಜಗ್ಗಿ ಒದೆಯುತ್ತಿತ್ತು, ಹಿಂಡಗೊಡುತ್ತಿರಲಿಲ್ಲ. ಅಪ್ಪ ಕನಿಕರಪಟ್ಟು ಬಿಚ್ಚಿಬಿಡುತ್ತಿದ್ದ.

"ಜಗ್ಗಿದಾಗ ಬಿಚ್ಚಿದ್ರ ಜಗ್ಗೂದ ಕಲೀತೈತಿ. ಸುಮ್ನ ನಿಂತಾಗ ಬಿಚ್ಚಬೇಕು," ಎಂದು ಅಜ್ಜಿ ಹಗ್ಗವನ್ನು ನನ್ನ ಕೈಗಿಟ್ಟಳು.

ಮಧ್ಯಾಹ್ನವಿಡೀ ಕಟ್ಟಿದೆ, ಮೈ ತಿಕ್ಕುತ್ತ ಕಾದೆ, ನಿಂತೊಡನೆ ಬಿಚ್ಚಿದೆ, ಮತ್ತೆ ಕಟ್ಟಿದೆ. ಪುಂಡಿನಾರಿನ ಹಗ್ಗಕ್ಕೆ ಅಂಗೈ ಸುಲಿಯಿತು.

ಸಂಜೆ ಅವ್ವ ಹಿಂಡಲು ಕೂತಾಗ ಗೌರಿ ಬಾಲ ಕೂಡ ಆಡಿಸಲಿಲ್ಲ.

ತುಂಬಿದ ಚರಿಗೆ ಹಿಡಿದು ಹೊಸ್ತಿಲು ದಾಟಹೋದ ಅಪ್ಪನಿಗೆ ಅಜ್ಜಿ ಅಡ್ಡ ನಿಂತಳು. "ತಡಿಯೋ, ಮೊದಲ ಬಲಗಾಲ ಇಡಾಕಿ ಇಕಿ."

ಉರಿಯುವ ಕೈಯಲ್ಲಿ ಬೆಚ್ಚನೆಯ ಚರಿಗೆ ಹಿಡಿದು ಆ ಮನೆಯೊಳಗೆ ನಾನೇ ಮೊದಲು ಹೋದೆ.