ಮೋತ್ಯಾನ ರೊಟ್ಟಿ

ಕುಸುಬಿ ಎಣ್ಣೆ ಕಾಯುವ ವಾಸನೆ ಬಂದರೆ ಈಗಲೂ ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ.

ಮೆಹಕರದ ನಮ್ಮ ಮನೆಯ ನಾಯಿ ಮೋತ್ಯಾನಿಗೆ ಆ ವರ್ಷ ಹಿಂಗಾಲುಗಳ ಬಲ ಹೋಗಿತ್ತು. ಆಯಿ, ಅಂದರೆ ಅಪ್ಪನ ತಾಯಿ, ತನ್ನ ಮೊಣಕಾಲಿಗೆ ತಿಕ್ಕಿ ಉಳಿದ ಬೆಚ್ಚನೆಯ ಎಣ್ಣೆಯನ್ನು ದಿನಾ ಅದರ ಕಾಲಿಗೂ ತಿಕ್ಕುತ್ತಿದ್ದಳು. "ನಂದೂ ಆತು, ನಿಂದೂ ಆತು ಮುದುಕಾ" ಎನ್ನುತ್ತಿದ್ದಳು.

ಕಾಲು ಎಳೆದೆಳೆದು ಆದ ಹುಣ್ಣಿಗೆ ಹುಳ ಬಿದ್ದವು. ಒಂದು ಮಧ್ಯಾಹ್ನ ಅಪ್ಪ ಭಾಲ್ಕಿಯಿಂದ ದನದ ಡಾಕ್ಟರನ್ನು ಕರೆತಂದ. ಮೋತ್ಯಾ ಅಂಗಳದ ಹೊರಸು ಮಂಚದ ಕೆಳಗೆ ಸರಿದು ಗುರ್ರೆಂದಿತು. ಯಾರನ್ನೂ ಹತ್ತಿರ ಬಿಡಲಿಲ್ಲ.

"ಜರಾ ನಿಂದರ್ರಿ ಡಾಕ್ಟರ್ ಸಾಬ್" ಎಂದು ಅಪ್ಪ ನನ್ನ ಕಡೆ ತಿರುಗಿದ. "ನೀ ಕರಿ. ಕೈಯಾಗ ರೊಟ್ಟಿ ಅದ ಅಂತ ತೋರ್ಸು, ಬರ್ತದ."

ರೊಟ್ಟಿ ಬುಟ್ಟಿ ಅಡುಗೆಮನೆಯಲ್ಲಿತ್ತು. ಹೋಗಿ ತರಬೇಕೆಂದು ನನಗೆ ಹೊಳೆಯಲಿಲ್ಲ. ಖಾಲಿ ಮುಷ್ಟಿ ಚಾಚಿ, "ಮೋತ್ಯಾ, ಬಾ" ಎಂದೆ.

ಮುಂಗಾಲುಗಳ ಮೇಲೆ ಮೈ ಎಳೆದುಕೊಂಡು ಬಂತು. ಸಾರಿಸಿದ ಅಂಗಳದಲ್ಲಿ ಎರಡು ಗೆರೆ ಮೂಡಿದವು. ಮೋತ್ಯಾನಿಗಿಂತ ಮೊದಲು ಅದರ ಕಾಲಿನ ಎಣ್ಣೆಯ ವಾಸನೆ ನನ್ನನ್ನು ಮುಟ್ಟಿತು. ರೊಟ್ಟಿ ಕೊಡುವಾಗ ನಾನು ಯಾವಾಗಲೂ ಸತಾಯಿಸುತ್ತಿದ್ದೆ. ನನ್ನ ಬೆರಳುಗಳನ್ನು ನೆಕ್ಕಿ ನೆಕ್ಕಿ ಬಿಡಿಸುವುದು ಅದಕ್ಕೆ ರೂಢಿ. ಅಂದೂ ಹಾಗೇ ಬಿಡಿಸಿತು. ಒಳಗೆ ಏನೂ ಇರಲಿಲ್ಲ. ಡಾಕ್ಟರ್ ಸೂಜಿ ಚುಚ್ಚಿದಾಗಲೂ ಅಂಗೈ ನೆಕ್ಕುತ್ತಲೇ ಇತ್ತು. ಆಮೇಲೆ ನೆಕ್ಕುವುದು ನಿಂತಿತು.

ಆಯಿ ಅಳಲಿಲ್ಲ. ಎಣ್ಣೆಯ ಬಟ್ಟಲು ತೊಳೆದು ಬೋರಲಿಟ್ಟು, ನನ್ನ ಕೈಯನ್ನೇ ನೋಡಿದಳು.

"ಒಂದು ತುಕಡಿ ರೊಟ್ಟಿ ಇಟ್ಗೊಂಡು ಕರೀಬೇಕಿತ್ತವ್ವಾ."